ಖಾಲಿ ಸೈಟಿನ ದೇವರು

೬ ಡಿಸೆಂಬರ್ ೧೯೫೩, ಭಾನುವಾರ

ಇಂದು ನನ್ನ ಸೈಟನ್ನು ನೋಡಲು ರಾಜಾಜಿನಗರಕ್ಕೆ ಹೋಗಿದ್ದೆ. ನನ್ನದು ಎಂದು ಬರೆಯುವುದು ಎಷ್ಟು ಸರಿಯೋ ತಿಳಿಯದು. ಹೊಸ ಬಡಾವಣೆಯ ಹರಾಜಿನಲ್ಲಿ ತಮ್ಮ ಜಗನ್ನಾಥ ಕೂಗಿದ, ಹಣ ನಾನು ಕಟ್ಟಿದೆ, ಕ್ರಯಪತ್ರ ಇನ್ನೂ ಬಡಾವಣೆ ಕಚೇರಿಯ ಬೀರುವಿನಲ್ಲಿದೆ. ಜನವರಿ ಮುಗಿಯುವುದರೊಳಗೆ ಸ್ವಾಧೀನ ಪತ್ರ ಪಡೆಯದಿದ್ದರೆ ಹರಾಜು ರದ್ದಾಗಿ ಸೈಟು ಕಚೇರಿಗೇ ವಾಪಸು. ಪತ್ರ ಸಿಗಲು ಇರುವುದು ಒಂದೇ ಷರತ್ತು: ಇನ್‌ಸ್ಪೆಕ್ಟರು ಬಂದು ನೋಡಿ, ಸೈಟು ಖಾಲಿ ಇದೆ ಎಂದು ಬರೆಯಬೇಕು. ಖಾಲಿ ನೆಲವನ್ನು ಖಾಲಿ ಎಂದು ಬರೆಯಲು ಏನು ಕಷ್ಟ ಎಂದುಕೊಂಡಿದ್ದೆ.

ಜಗನ್ನಾಥ ಬಸ್ ಸ್ಟಾಪಿನವರೆಗೂ ಬಂದು ಎಚ್ಚರಿಕೆ ಹೇಳಿ ಕಳಿಸಿದ. "ಅಕ್ಕ, ಇದು ಇನ್ವೆಸ್ಟ್‌ಮೆಂಟು. ಮನೆ ಗಿನೆ ಅಂತ ಕನಸು ಕಾಣ್ಬೇಡ. ಪತ್ರ ಕೈಗೆ ಬಂದ್ ತಕ್ಷಣ ಮಾರಿಬಿಡೋದು. ಒಂಟಿ ಹೆಂಗಸಿಗೆ ಭೂಮಿ ಯಾಕೆ, ಬ್ಯಾಂಕಿನ ಪುಸ್ತಕ ಸಾಕು."

ನಾನು ಯಾವ ಕನಸೂ ಕಂಡಿಲ್ಲ. ನಲವತ್ತು ದಾಟಿದ ಭೂಗೋಳದ ಮೇಷ್ಟ್ರಿಣಿಗೆ ತಮ್ಮನ ಬಿನ್ನಿಪೇಟೆಯ ಮನೆಯಲ್ಲಿ ಒಂದು ಕೋಣೆ ಇದೆ. ನಾದಿನಿ ವಿಮಲಳ ಉಪ್ಪಿನಕಾಯಿ ಜಾಡಿಗಳೂ ಅದೇ ಕೋಣೆಯಲ್ಲಿವೆ. ನಮ್ಮೊಳಗೆ ಜಗಳವಿಲ್ಲ. ಯುಗಾದಿಗೆ ವಿಮಲಳ ತಾಯಿ ಬಂದು ಇಲ್ಲಿಯೇ ನೆಲೆಸುವರಂತೆ. ಆಗ ಕೋಣೆ ಅವರಿಗೆ, ನಡುಮನೆಯ ಮೂಲೆ ನನಗೆ. ಜಾಡಿಗಳಿಗೆ ಎಲ್ಲಿ ತೊಂದರೆಯಾಗುವುದೋ ಎಂದು ವಿಮಲ ಚಿಂತೆಯಲ್ಲಿದ್ದಾಳೆ.

ಸೈಟು ಖಾಲಿ ಇರಲಿಲ್ಲ. ಸಗಣಿ ಸಾರಿಸಿದ ದೊಡ್ಡದೊಂದು ವೃತ್ತ. ಅದರ ಪಕ್ಕದಲ್ಲಿ ರಾಗಿಯ ಮೆದೆ. ವೃತ್ತದ ನಡುವೆ ಆಳೆತ್ತರದ ಒಂದು ಮರದ ಕಂಬ. ತುದಿಗೆ ರಾಗಿ ತೆನೆ ಮತ್ತು ಹುಚ್ಚೆಳ್ಳು ಹೂವು ಕಟ್ಟಿ, ಬುಡಕ್ಕೆ ಅರಿಶಿನ ಕುಂಕುಮ ಇಟ್ಟಿದ್ದರು. ನಾನು ಒಳಗೆ ಕಾಲಿಟ್ಟದ್ದೇ ತಡ, ಹೆಂಗಸೊಬ್ಬಳು ಪೊರಕೆ ಹಿಡಿದು ಓಡಿ ಬಂದಳು.

"ಮೆಟ್ಟು! ಮೆಟ್ಟು ಬುಡವ್ವ! ಕಣದೊಳಕ್ಕೆ ಮೆಟ್ಟು ಹಾಕ್ಕಂಡು ಬರ್ತಾರಾ ಯಾರಾನ?"

"ಇದು ನನ್ನ ಸೈಟು," ಎಂದೆ.

"ಆಗ್ಲಿ ಬುಡವ್ವ, ಯಾರು ಬ್ಯಾಡ ಅಂದೋರು? ಮೆಟ್ಟು ಬುಟ್ಟು ನಿಮ್ಮ ಸೈಟಿಗೆ ಬನ್ನಿ."

ಇವಳು ಹೊಸಹಳ್ಳಿಯ ರಾಮಕ್ಕ. ಗಂಡ ಚಿಕ್ಕಹನುಮಯ್ಯ ಮೆದೆಯ ಹಿಂದಿನಿಂದ ನಿಧಾನವಾಗಿ ಬಂದು ನಮಸ್ಕಾರ ಮಾಡಿದ. ಬಡಾವಣೆಗೆ ಹೋಗಿ ಉಳಿದ ಹೊಲದಲ್ಲಿ ಬೆಳೆದ ರಾಗಿ ಅದು. ಬಡಿದು, ತೂರಿ, ಅಳೆಯಲು ಸಮನಾದ ನೆಲ ಬೇಕು. ಅದನ್ನೇ ಕಣ ಎನ್ನುತ್ತಾರೆ. ನಡುವಿನ ಕಂಬ ಮೇಟಿ. ಎತ್ತುಗಳು ಅದನ್ನು ಸುತ್ತುತ್ತ ಕಲ್ಲುಗುಂಡು ಎಳೆಯುತ್ತವೆ. ಒಮ್ಮೆ ಪೂಜೆ ಮಾಡಿ ನೆಟ್ಟ ಮೇಟಿಯನ್ನು ರಾಶಿ ಅಳೆದು ಮುಗಿಯುವ ತನಕ ಕೀಳುವಂತಿಲ್ಲ; ಮುಗಿದ ಮೇಲೆ ತಾನೇ ಕಿತ್ತುಕೊಡುತ್ತಾನಂತೆ.

"ನಾಕಾರು ಸೈಟು ನೋಡ್ದೆ ಕಣಮ್ಮ," ಎಂದ ಚಿಕ್ಕಹನುಮಯ್ಯ. "ನಿಮ್ದಷ್ಟು ಸಪಾಟಾಗಿರೋದು ಇನ್ನೊಂದಿಲ್ಲ."

ಕೇಳಿ ಒಂದು ಕ್ಷಣ ಹೆಮ್ಮೆಯಾಯಿತು. ಯಾಕೆ? ನೆಲವನ್ನು ಸಮ ಮಾಡಿದವಳು ನಾನಲ್ಲ.


೧೨ ಡಿಸೆಂಬರ್, ಶನಿವಾರ

ಬಡಾವಣೆ ಇನ್‌ಸ್ಪೆಕ್ಟರು ತಿಮ್ಮಯ್ಯ ಸೈಕಲ್ ಮೇಲೆ ಬಂದರು. ಸಜ್ಜನ, ತೆಳ್ಳಗಿದ್ದಾರೆ, ಕೋಟಿನ ಜೇಬಿನಲ್ಲಿ ಶಾಯಿಯ ಬಾಟಲಿ. ಸೈಟಿನ ಅಂಚಿನಲ್ಲಿ ನಿಂತರು. ಚಪ್ಪಲಿ ಬಿಟ್ಟರು. ಒಳಗೆ ಹೋಗಿ ಮೇಟಿಗೆ ಕೈಮುಗಿದು, ಕುಂಕುಮ ಹಚ್ಚಿಕೊಂಡು, ಆಮೇಲೆ ನಮೂನೆ ಬಿಚ್ಚಿದರು. ಅದರಲ್ಲಿ ಕಾಲಂಗಳು: ಕಟ್ಟಡ, ಮರ, ಬಾವಿ, ಸಮಾಧಿ, ದೇವರು.

ಅವರು ಬರೆದದ್ದು: ‘ದೇವರು — ಇದೆ. ಮರದ್ದು.’

"ಇದು ದೇವರಲ್ಲ," ಎಂದೆ. "ಎತ್ತು ಸುತ್ತುವ ಕಂಬ."

"ಗೊತ್ತಮ್ಮ. ನಮ್ಮೂರಲ್ಲೂ ಹಾಕ್ತಾರೆ."

"ಮತ್ತೆ ಹಾಗೇ ಬರೆಯಿರಿ."

"ಕಂಬಕ್ಕೆ ಕಾಲಂ ಇಲ್ಲ. ಕಟ್ಟಡ ಅಂತ ಬರೆಯೋಣ ಅಂದ್ರೆ ಚಾವಣಿ ಇಲ್ಲ. ಮರ ಅನ್ನೋಣ ಅಂದ್ರೆ ಬೇರಿಲ್ಲ."

"ದೇವರು ಅನ್ನಲು ಮಾತ್ರ ಏನಿದೆ?"

ಅವರು ತಮ್ಮ ಬರಿಗಾಲನ್ನು ನೋಡಿಕೊಂಡರು. "ಚಪ್ಪಲಿ ಬಿಟ್ಟಿದ್ದೀನಲ್ಲಮ್ಮ. ಬಿಟ್ಟು, ಕೈ ಮುಗಿದ ಮೇಲೆ ದೇವರಲ್ಲ ಅಂತ ಹೇಗೆ ರುಜು ಹಾಕ್ಲಿ? ಸುಳ್ಳು ರಿಪೋರ್ಟು ಆಗುತ್ತೆ."

ಬಸ್ಸಿನುದ್ದಕ್ಕೂ ಈ ವಾದದಲ್ಲಿ ತಪ್ಪೆಲ್ಲಿದೆ ಎಂದು ಹುಡುಕಿದೆ. ಇದೆ ಎಂಬುದು ಖಂಡಿತ. ಸಿಗಲಿಲ್ಲ.


೧೪ ಡಿಸೆಂಬರ್, ಸೋಮವಾರ

ಬಡಾವಣೆ ಕಚೇರಿಯ ಗುಮಾಸ್ತರು ರಿಪೋರ್ಟು ಓದಿ ಎದ್ದು ನಿಂತರು. ನನಗಲ್ಲ, ದೇವರಿಗೆ.

"ಮನುಷ್ಯರು ಸೈಟಲ್ಲಿ ಕೂತಿದ್ರೆ ನಾವು ನೋಟೀಸು ಕೊಡಬಹುದು. ದೇವರಿಗೆ ಕೊಡೋ ಅಧಿಕಾರ ನಮಗಿಲ್ಲ. ದೇವಸ್ಥಾನಗಳ ಕಚೇರಿಯಿಂದ, ಇಲ್ಲಿ ದೇವರು ಇಲ್ಲ ಅಂತ ಒಂದು ಸರ್ಟಿಫಿಕೇಟು ತನ್ನಿ."

ಜಗನ್ನಾಥನಿಗೆ ಹೇಳಿದೆ. "ಒಂದು ರಾತ್ರಿ ನಾಲ್ಕು ಜನ ಹೋಗಿ ಕಿತ್ತು ಬಿಸಾಕಿದ್ರೆ ಆಯ್ತಪ್ಪ!" ಎಂದ. ಆಮೇಲೆ ಆ ನಾಲ್ವರಲ್ಲಿ ತಾನು ಇರಲಾರೆ, ಬೆನ್ನು ನೋವು ಎಂದ. ವಿಮಲ, "ದೇವರನ್ನ ಕೀಳಿಸ್ತೀರಾ? ಮನೇಲಿ ಮಕ್ಕಳಿದ್ದಾರೆ," ಎಂದು ತುಪ್ಪದ ದೀಪ ಹಚ್ಚಿದಳು.


೨೨ ಡಿಸೆಂಬರ್, ಮಂಗಳವಾರ

ದೇವಸ್ಥಾನಗಳ ಕಚೇರಿ. ಬೆಂಚಿನಲ್ಲಿ ನನ್ನ ಪಕ್ಕ ಎರಡು ಗುಡಿಗಳ ಪೂಜಾರಿಗಳು. ಒಂದು ಘಂಟೆಯ ವಿಷಯವಾಗಿ ಬೆನ್ನು ಬೆನ್ನು ಹಾಕಿಕೊಂಡು ಕೂತಿದ್ದರು.

ಅಧಿಕಾರಿ ಮರ್ಯಾದಸ್ಥರು. ಕಾಫಿ ತರಿಸಿ ಕೇಳಿದರು. "ದೇವರ ಹೆಸರು?"

"ಹೆಸರಿಲ್ಲ. ದೇವರೇ ಅಲ್ಲ."

"ಉತ್ಸವ?"

"ಇಲ್ಲ. ಎತ್ತುಗಳು ಸುತ್ತುತ್ತವೆ."

"ಪ್ರದಕ್ಷಿಣೆ," ಎಂದು ಬರೆದುಕೊಂಡರು. "ನೈವೇದ್ಯ?"

"ರಾಗಿ ಇರುತ್ತದೆ. ಆದರೆ ಅದು—"

"ರಾಗಿ." ಬರೆದರು. ಆಮೇಲೆ ಕನ್ನಡಕ ತೆಗೆದು, ಸಮಾಧಾನದಿಂದ ವಿವರಿಸಿದರು. "ನೋಡಿ ತಾಯಿ, ದೇವರಿದ್ದಾನೆ ಅಂತ ಸರ್ಟಿಫಿಕೇಟು ಬೇಕಿದ್ರೆ ಈಗಲೇ ಕೊಡ್ತೀನಿ. ಇಲ್ಲ ಅಂತ ಕೊಡೋದಕ್ಕೆ ಈ ಕಚೇರೀಲಿ ಯಾರಿಗೂ ಅಧಿಕಾರವಿಲ್ಲ. ಹಾಗೆ ಕೊಡೋಕೆ ಶುರು ಮಾಡಿದ್ರೆ ಈ ಕಚೇರಿ ಯಾಕಿರಬೇಕು?"

ಕೊನೆಗೆ ಅವರೇ ದಾರಿ ತೋರಿಸಿದರು. ಊರವರನ್ನು ಸೈಟಿನಲ್ಲೇ ಸೇರಿಸಿ, ದೇವರನ್ನು ಕಳುಹಿಸಿಕೊಡಲು ಯಾರದಾದರೂ ತಕರಾರಿದೆಯೇ ಎಂದು ಇನ್‌ಸ್ಪೆಕ್ಟರು ಮೂರು ಸಲ ಗಟ್ಟಿಯಾಗಿ ಕೂಗಬೇಕು. ಯಾರೂ ತಕರಾರು ಹೇಳದಿದ್ದರೆ ಅದನ್ನೇ ಮಹಜರು ಬರೆದು ಖಾಲಿ ಎಂದು ಪರಿಗಣಿಸಬಹುದು.

ಸರಳವಾಗಿದೆ. ಮೊದಲೇ ಹೇಳಬಹುದಿತ್ತು.


೩ ಜನವರಿ ೧೯೫೪, ಭಾನುವಾರ

ಸರಳವಾಗಿರಲಿಲ್ಲ.

ಹೊಸಹಳ್ಳಿ ಇಡೀ ಬಂದಿತ್ತು. ಹೆಂಗಸರು ಮಕ್ಕಳು ಬಂದು, ಅವರೆಕಾಯಿ ಬಿಡಿಸುತ್ತ ಕೂತರು. ತಿಮ್ಮಯ್ಯನವರು ಗಂಟಲು ಸರಿಮಾಡಿಕೊಂಡು ಕೂಗಿದರು: "ಈ ಸ್ಥಳದಲ್ಲಿರುವ ದೇವರನ್ನು ಕಳುಹಿಸಿಕೊಡುವುದಕ್ಕೆ ಯಾರದಾದರೂ ತಕರಾರು ಇದೆಯೋ?"

"ನಂದೈತೆ," ಎಂದು ಬೈರಯ್ಯ ಎಂಬ ಗಟ್ಟಿ ಮುದುಕ ಎದ್ದ. "ಬಡಾವಣೆ ಮಾಡ್ದೋರು ನಮ್ ಕುಂಟೆ ಮುಚ್ಚಾಕಿದ್ರು. ಎಮ್ಮೆ ಎಲ್ಲಿ ಮೈ ತೊಳೀಬೇಕು?"

"ಅದಕ್ಕೂ ಈ ಕಂಬಕ್ಕೂ ಏನಯ್ಯ ಸಂಬಂಧ?"

"ತಕರಾರೈತಾ ಅಂದ್ರಿ. ಐತೆ ಅಂದೆ. ಬರ್ಕಳಿ ಸೋಮಿ."

ಬರೆದುಕೊಂಡರು. ಗಂಗಲಕ್ಷ್ಮಮ್ಮ ಎಂಬಾಕೆಯ ಮೇಕೆ ಎಲ್ಲೆಯ ಕಲ್ಲಿಗೆ ಎಡವಿ ಕುಂಟುತ್ತಿದೆಯಂತೆ, ಅದೊಂದು ತಕರಾರು. ಮೇಕೆಯನ್ನೂ ಕರೆತಂದಿದ್ದಳು. ಅವಳ ಮೈದುನನಿಗೆ ಬೈರಯ್ಯನದನ್ನು ಮೊದಲು ಬರೆದುಕೊಂಡದ್ದಕ್ಕೆ ತಕರಾರು. ಮಾಗಡಿ ರಸ್ತೆಯಲ್ಲಿ ಸುಮ್ಮನೆ ಹೋಗುತ್ತಿದ್ದ ಯಾರೋ ಸೈಕಲ್ ನಿಲ್ಲಿಸಿ, ಏನು ಸಮಾಚಾರ ಎಂದು ಕೇಳಿ, ತನ್ನ ಮನೆ ಒಡೆಯನ ಮೇಲೆ ಒಂದು ಬರೆಸಿ ಹೋದ. ಕೊನೆಗೆ ಚಿಕ್ಕಹನುಮಯ್ಯನೂ ಎದ್ದ.

ನಾನು ದಂಗಾದೆ. "ನೀವೇ ಕಿತ್ತುಕೊಡುತ್ತೇನೆ ಎಂದಿರಲ್ಲ! ನಿಮ್ಮದೇನು ತಕರಾರು?"

ಪಾಪ, ಅವನಿಗೆ ಮುಜುಗರ. "ಏನೂ ಇಲ್ಲ ಕಣಮ್ಮ. ಊರೋರೆಲ್ಲ ಏಳ್ತಾವ್ರೆ, ಕಣದೋನು ನಾನೊಬ್ನೇ ಕುಂತಿದ್ರೆ ಏನಂದ್ಕಂಡಾರು? ಒಂದು ಸಣ್ದು ಬರ್ಕಳಿ ಸೋಮಿ, ಯಾವ್ದಾದ್ರೂ."

ಕೋಪ ಬಂದಾಗ ನನ್ನ ಬಾಯಿಗೆ ಇಂಗ್ಲಿಷು ಬರುತ್ತದೆ. ಕಾನ್ವೆಂಟಿನಲ್ಲಿ ಬೈಗುಳವನ್ನೆಲ್ಲ ನಾವು ಆ ಭಾಷೆಯಲ್ಲೇ ತಿಂದದ್ದು. ಎದ್ದು ನಿಂತು ಕಾನೂನು, ವಿವೇಕ, ನಾಗರಿಕತೆ, ಎಲ್ಲದರ ಬಗ್ಗೆಯೂ ಮಾತಾಡಿದೆ. ಜನ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಬಹಳ ಗೌರವದಿಂದ ಕೇಳಿದರು. ಮುಗಿದ ಮೇಲೆ ಬೈರಯ್ಯ, "ಟೀಚ್ರಮ್ಮಂದೂ ಬರ್ಕಳಿ, ಪಾಪ, ಎಷ್ಟು ನೊಂದವ್ರೆ," ಎಂದ.

ಬರೆದುಕೊಂಡರು. ‘ಅರ್ಜಿದಾರರ ತಕರಾರು: ಇದೆ. ಇಂಗ್ಲಿಷಿನಲ್ಲಿ.’ ಮತ್ತೊಂದು ಮಹಜರಾದರೆ ಊರವರ ತಕರಾರುಗಳು ಬಿದ್ದುಹೋಗುತ್ತವಂತೆ, ಅರ್ಜಿದಾರರದು ಬೀಳದಂತೆ; ಅದನ್ನು ನಾನೇ ಬಾಯಿಬಿಟ್ಟು ವಾಪಸು ತೆಗೆದುಕೊಳ್ಳದ ಹೊರತು ನನ್ನ ಸೈಟು ನನಗೆ ಸಿಗದು.

ರಾಮಕ್ಕ ಬಿಡಿಸಿದ ಅವರೆಕಾಳು ಒಂದು ಮಡಿಲು ಕಟ್ಟಿಕೊಟ್ಟಳು. ಬೇಡ ಎನ್ನಬೇಕೆಂದಿದ್ದೆ.


೭ ಜನವರಿ, ಗುರುವಾರ

ಎರಡನೇ ಮಹಜರಿಗೆ ಅರ್ಜಿ ಕೊಟ್ಟೆ. ಅವರೆಕಾಳಿನ ಹುಳಿ ಚೆನ್ನಾಗಿತ್ತು.


೧೧ ಜನವರಿ, ಸೋಮವಾರ

ಶಾಲೆಯಿಂದ ನೇರ ಕಣಕ್ಕೆ. ಗುಂಡು ಎಳೆದು ಕಾಳು ಉದುರಿಸುವುದೆಲ್ಲ ಮುಗಿದಿದೆ. ಇನ್ನು ತೂರಬೇಕು, ಅಂದರೆ ಮೊರದಿಂದ ಮೇಲಿಂದ ಸುರಿದು ಹೊಟ್ಟನ್ನು ಗಾಳಿಗೆ ಬಿಡಬೇಕು. ಆದರೆ ಗಾಳಿ ಇಲ್ಲ. ಚಿಕ್ಕಹನುಮಯ್ಯ ಬೆರಳು ಒದ್ದೆ ಮಾಡಿ ಮೇಲೆತ್ತಿ ನಿಂತಿದ್ದ.

"ಎಂದು ಬರುತ್ತದೆ?"

"ಗಾಳಿಗೆ ಯಾರು ನೋಟೀಸು ಕೊಡ್ತಾರಮ್ಮ?"

ಹಾಗಾದರೆ ರಾಶಿ ಆಗದು. ರಾಶಿ ಆಗದೆ ಮೇಟಿ ಏಳದು. ಮೇಟಿ ಏಳದೆ ಸೈಟು ಖಾಲಿಯಾಗದು. ಕಚೇರಿಗೆ ಹೋಗಿ ವಾಯಿದೆಯನ್ನು ಸ್ವಲ್ಪ ಮುಂದೂಡಿ ಎಂದು ಬರೆದುಕೊಟ್ಟೆ. ಕಾರಣ: ಗಾಳಿಯ ಅಭಾವ. ಗುಮಾಸ್ತರು ಎರಡು ಸಲ ಓದಿ, ಗಾಳಿ ಇಲ್ಲ ಎಂಬುದಕ್ಕೆ ಹವಾಮಾನದವರಿಂದ ಸರ್ಟಿಫಿಕೇಟು ತನ್ನಿ ಎಂದರು. ಹೋದೆ. ಅವರು ಮಾಳಿಗೆಗೆ ಕರೆದೊಯ್ದು ಗಾಳಿ ಅಳೆಯುವ ಯಂತ್ರದ ಬಟ್ಟಲುಗಳು ತಿರುಗುವುದನ್ನು ತೋರಿಸಿದರು. ಗಾಳಿ ಇದೆ, ಇಲ್ಲ ಅಂತ ಹೇಗೆ ಬರೆಯೋದು ಎಂದರು. ಇಷ್ಟು ಗಾಳಿಯಲ್ಲಿ ರಾಗಿಯ ಹೊಟ್ಟು ಹಾರುವುದಿಲ್ಲ ಎಂದೆ. "ನೀವು ವಿಜ್ಞಾನ ಓದಿದ್ದೀರಾ?" ಎಂದು ಕೇಳಿದರು. ಭೂಗೋಳ ಎಂದೆ. ಅದರಲ್ಲಿ ಮಾರುತಗಳ ಪಾಠವನ್ನು ಪ್ರತಿವರ್ಷ ಮಾಡುತ್ತೇನೆ. ಅದರಲ್ಲಿ ಹೊಸಹಳ್ಳಿಯ ಪ್ರಸ್ತಾಪವೇ ಇಲ್ಲ.

ವಾಯಿದೆ ಮುಂದೂಡಲಿಲ್ಲ.


೧೪ ಜನವರಿ, ಗುರುವಾರ. ಸಂಕ್ರಾಂತಿ

ಎಳ್ಳು ಬೆಲ್ಲ ಬೀರಲು ಹೋಗಿದ್ದೆ. ವಿಮಲ ಕೇಳಿದ್ದು ಪಕ್ಕದ ಬೀದಿಗೆ. ನಾನು ಹೊಸಹಳ್ಳಿಯವರೆಗೂ ಹೋದೆ. ಕಣದ ಆಚೆಯ ಮಣ್ಣು ರಸ್ತೆಯಲ್ಲಿ ಕಾಲಿಗೆ ನೆಗ್ಗಿಲು ಮುಳ್ಳು ಚುಚ್ಚಿತು. ಮೆಟ್ಟನ್ನು ಮಾಗಡಿ ರಸ್ತೆಯ ತಿರುವಿನಲ್ಲೇ ಬಿಟ್ಟು ಬಂದಿದ್ದೆನಂತೆ. ರಾಮಕ್ಕ ಮುಳ್ಳು ತೆಗೆಯುತ್ತ, "ಅಷ್ಟು ದೂರಕ್ಕೇ ಯಾಕವ್ವ ಬುಟ್ಟೆ, ಕಣದ ತಾವ ಬುಟ್ರೆ ಸಾಲದಾ?" ಎಂದು ನಕ್ಕಳು.

ಗಾಳಿ: ಇಲ್ಲ.


೧೭ ಜನವರಿ, ಭಾನುವಾರ

ಗಾಳಿ: ಇಲ್ಲ. ಮಧ್ಯಾಹ್ನ ಒಂದು ಕಾಗದ ಹಾರಿತು, ಆದರೆ ಅದು ಬಸ್ಸಿನ ಗಾಳಿ.


೨೦ ಜನವರಿ, ಬುಧವಾರ

ಹತ್ತನೆಯ ತರಗತಿಗೆ ಆಫ್ರಿಕಾದ ನದಿಗಳನ್ನು ಬರೆಸುತ್ತಿದ್ದಾಗ ಕಿಟಕಿ ಪಟಾರನೆ ಬಡಿದುಕೊಂಡಿತು. ನೋಡಿದರೆ ಅಂಗಳದ ಹೊಂಗೆ ಮರ ಪೂರಾ ಮೂಡಲಿನಿಂದ ಪಡುವಲಿಗೆ ಬಗ್ಗಿದೆ. ಕೈಯಲ್ಲಿದ್ದ ಸುಣ್ಣದ ಕಡ್ಡಿಯನ್ನು ನೈಲ್ ನದಿಯ ಮೇಲೇ ಬಿಟ್ಟು, ಹೆಡ್‌ಮಿಸ್ಟ್ರೆಸ್ಸಿಗೆ ಹೊಟ್ಟೆನೋವೆಂದು ಹೇಳಿ ಬಸ್ಸು ಹಿಡಿದೆ.

ಸುಳ್ಳು ಹೇಳಿದ್ದು ಸರಿಯಲ್ಲ. ಆದರೆ ಸ್ವಾಧೀನ ಪತ್ರದ ಪ್ರಶ್ನೆ. ನಾನು ಹೋದರೂ ಹೋಗದಿದ್ದರೂ ಗಾಳಿ ಬೀಸುತ್ತಿತ್ತು ಎಂಬುದು ಬಸ್ಸಿನಲ್ಲಿ ಹೊಳೆಯಿತು. ಇಳಿಯಲಿಲ್ಲ.

ಚಿಕ್ಕಹನುಮಯ್ಯ ಮೂರು ಕಾಲಿನ ಎತ್ತರದ ಮಣೆಯ ಮೇಲೆ ನಿಂತು ಮೊರದಿಂದ ಸುರಿಯುತ್ತಿದ್ದ. ಕಾಳು ನೇರ ಕೆಳಗೆ, ಹೊಟ್ಟು ಹೊಗೆಯಂತೆ ಅತ್ತ. "ಟೀಚ್ರಮ್ಮ, ಮೊರ ತುಂಬ್ಸಿ ಕೊಡಿ, ಗಾಳಿ ನಿಂತೋಯ್ತದೆ!" ಎಂದು ರಾಮಕ್ಕ ಕೂಗಿದಳು. ಹೊತ್ತು ಮುಳುಗುವವರೆಗೆ ಮೊರ ತುಂಬಿಸಿ ಕೊಟ್ಟೆ. ಒಮ್ಮೆ ಗಾಳಿ ತಿರುಗಿ ಹೊಟ್ಟೆಲ್ಲ ನನ್ನ ಮುಖಕ್ಕೇ ಬಂತು. ಜನ ನಕ್ಕರು. ನಾನೂ ನಕ್ಕಿರಬೇಕು, ಬಾಯಲ್ಲಿ ಹೊಟ್ಟು ಸಿಕ್ಕಿತ್ತು.

ಮನೆಗೆ ಬಂದಾಗ ವಿಮಲ ಬಾಗಿಲಲ್ಲೇ ತಡೆದಳು. "ಅತ್ತಿಗೆ, ಇದೇನು ತಲೆ? ಕಚೇರಿಗೆ ಹೋದವರು ಹೀಗೆ ಬರ್ತಾರಾ?" ಈಗಿನ ಕಚೇರಿಗಳು ಹಾಗಿವೆ ಎಂದೆ.


೨೮ ಜನವರಿ, ಗುರುವಾರ

ಇಂದಿನದನ್ನು ಕ್ರಮವಾಗಿ ಬರೆಯಬೇಕು. ನಾನು ಯಾಕೆ ಹಾಗೆ ಮಾಡಿದೆ ಎಂದು ಬರೆಯುತ್ತ ಹೋದರೆ ತಿಳಿದೀತು.

ಎರಡನೇ ಮಹಜರು ಬೆಳಿಗ್ಗೆ ಆಗಬೇಕಿತ್ತು. ಇದು ತಪ್ಪಿದರೆ ಮತ್ತೊಂದಕ್ಕೆ ಈ ತಿಂಗಳಲ್ಲಿ ದಿನವಿಲ್ಲ ಎಂದು ಗುಮಾಸ್ತರು ಮೊದಲೇ ಹೇಳಿದ್ದರು. ತಿಮ್ಮಯ್ಯನವರು ಬರಲಿಲ್ಲ. ಮಧ್ಯಾಹ್ನವೂ ಬರಲಿಲ್ಲ. ಸಂಜೆ ಚಿಕ್ಕಹನುಮಯ್ಯ, "ಇನ್ನು ಕಾಯಾಕಾಗಲ್ಲ ಕಣಮ್ಮ, ರಾಶಿ ಅಳೀಬೇಕು, ಹೊತ್ತು ಸಂದಾಗೈತೆ," ಎಂದ. ರಾಗಿಯ ರಾಶಿಗೆ ಪೂಜೆಯಾಯಿತು. ಊರವರೆಲ್ಲ ಸುತ್ತ ನಿಂತರು.

ರಾಮಕ್ಕ ನನ್ನ ಕಿವಿಯಲ್ಲಿ ಹೇಳಿದಳು: "ಈಗ ಯಾರೂ ಉಸಿರೆತ್ತಂಗಿಲ್ಲವ್ವ. ಅಳೆಯೋವಾಗ ಒಂದು ಮಾತಾಡಿದ್ರೂ ರಾಶಿ ಇಳ್ದೋಯ್ತದೆ. ನೀನು ಇಂಗ್ಲೀಷೂ ಮಾತಾಡ್ಬ್ಯಾಡ."

ಚಿಕ್ಕಹನುಮಯ್ಯ ಮಂಡಿಯೂರಿ ಕೊಳಗದಿಂದ ಅಳೆಯತೊಡಗಿದ. ರಾಗಿ ಬೀಳುವ ಸದ್ದೊಂದೇ. ಇಷ್ಟು ಜನ ಇಷ್ಟು ಸುಮ್ಮನಿದ್ದುದನ್ನು ನಾನು ಪರೀಕ್ಷೆಯ ಹಾಲಿನಲ್ಲೂ ಕಂಡಿಲ್ಲ. ಬೈರಯ್ಯ ಕೂಡ ತುಟಿ ಬಿಗಿದು ನಿಂತಿದ್ದ. ಗಂಗಲಕ್ಷ್ಮಮ್ಮ ಮೇಕೆಯ ಬಾಯಿ ಹಿಡಿದಿದ್ದಳು.

ಅಷ್ಟು ಹೊತ್ತಿಗೆ ತಿಮ್ಮಯ್ಯನವರು ಪಂಕ್ಚರಾದ ಸೈಕಲನ್ನು ತಳ್ಳಿಕೊಂಡು ಬಂದರು. ಎಲ್ಲೆಯ ಕಲ್ಲಿನ ಹೊರಗೆ ನಿಂತರು. ಅಳೆಯುತ್ತಿದ್ದುದನ್ನು ನೋಡಿದರು, ಅವರೂ ಹಳ್ಳಿಯವರೇ, ತಿಳಿಯಿತು. ಕೈಗಡಿಯಾರ ನೋಡಿದರು. ಮುಳುಗುವ ಸೂರ್ಯನನ್ನು ನೋಡಿದರು. ಕಾಗದ ಬಿಚ್ಚಿ, ರಸ್ತೆಯಲ್ಲೇ ನಿಂತು, ಕೂಗಿಬಿಟ್ಟರು.

"ದೇವರನ್ನು ಕಳುಹಿಸಿಕೊಡುವುದಕ್ಕೆ ಯಾರದಾದರೂ ತಕರಾರು ಇದೆಯೋ?"

ಬೈರಯ್ಯನ ಮುಖ ಕೆಂಪಾಯಿತು. ಕತ್ತಿನ ನರ ಉಬ್ಬಿತು. ಮಾತು ಹೊರಬರಲಿಲ್ಲ.

ಎರಡನೇ ಸಲ. ಗಂಗಲಕ್ಷ್ಮಮ್ಮನ ಮೈದುನ ಅಂಗವಸ್ತ್ರವನ್ನೇ ಬಾಯಿಗೆ ತುರುಕಿಕೊಂಡ.

ಮೂರನೇ ಸಲ. ರಾಗಿ ಬೀಳುವ ಸದ್ದು.

ಆಮೇಲೆ ಅವರು ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದರು: "ಅಮ್ಮ, ನಿಮ್ಮ ಇಂಗ್ಲಿಷ್ ತಕರಾರು ಒಂದು ಉಳಿದಿದೆ. ಇಲ್ಲ ಅಂತ ಬಾಯಿಬಿಟ್ಟು ಹೇಳಿ. ಒಂದು ಮಾತು ಸಾಕು."

ಒಂದು ಮಾತು. ‘ಇಲ್ಲ.’ ಅದಕ್ಕಾಗಿಯೇ ನಾನು ಡಿಸೆಂಬರಿನಿಂದ ಮೂರು ಕಚೇರಿಗಳ ಮೆಟ್ಟಿಲು ಹತ್ತಿದ್ದು. ಹೇಳದಿದ್ದರೆ ಸೈಟು ಹೋಯಿತು, ಯುಗಾದಿಗೆ ನಡುಮನೆಯ ಮೂಲೆ. ನಾನು ರಾಶಿ ನೋಡಿದೆ. ಇನ್ನೂ ಅರ್ಧ ಇತ್ತು. ರಾಮಕ್ಕ ನನ್ನತ್ತ ತಿರುಗಿ ಕೂಡ ನೋಡಲಿಲ್ಲ; ಹೇಳಿ ಆಗಿದೆ, ಇವಳು ಮಾತಾಡಳು ಎಂದೇ ಅವಳ ಎಣಿಕೆ.

"ಅಮ್ಮಾ, ಕತ್ತಲಾಗುತ್ತೆ," ಎಂದರು ತಿಮ್ಮಯ್ಯ.

ಮಾತಾಡಲಿಲ್ಲ. ತಲೆಯನ್ನೂ ಆಡಿಸಲಿಲ್ಲ. ಕೊಳಗ ಏಳುತ್ತಿತ್ತು, ಬೀಳುತ್ತಿತ್ತು. ತಿಮ್ಮಯ್ಯನವರು ಬಹಳ ಹೊತ್ತು ಕಾದು, ಸೈಕಲ್ ಸೀಟಿನ ಮೇಲೆ ಕಾಗದ ಇಟ್ಟು ಏನೋ ಬರೆದು ಹೊರಟುಹೋದರು.

ಗಂಟಲು ಒಣಗಿತ್ತು, ಅದೇ ಕಾರಣವಿರಬೇಕು. ಬರೆದರೂ ತಿಳಿಯಲಿಲ್ಲ.

ಒಂದು ವಿಷಯ ಬಿಟ್ಟುಹೋಯಿತು. ಅಳೆದು ಮುಗಿದ ಮೇಲೆ ಚಿಕ್ಕಹನುಮಯ್ಯ ಮೇಟಿಯನ್ನು ಅಲುಗಿಸಿ, ಕಿತ್ತು, ಗಾಡಿಗೆ ಎಸೆದ. ಎಲ್ಲಿಗೆ ಎಂದು ಕೇಳಿದೆ. "ನೀರೊಲೆಗೆ ಕಣಮ್ಮ. ಒಳ್ಳೆ ಒಣಗೈತೆ." ನಾನು ಗಾಬರಿಯಾಗಿ, "ದೇವರನ್ನು ಒಲೆಗೆ ಹಾಕುತ್ತೀರಾ?" ಎಂದೆ. ಗಂಡ ಹೆಂಡತಿ ಇಬ್ಬರೂ ನನ್ನನ್ನು ವಿಚಿತ್ರವಾಗಿ ನೋಡಿದರು.


೩೦ ಜನವರಿ, ಶನಿವಾರ

ಸ್ವಾಧೀನ ಪತ್ರ ಸಿಕ್ಕಿತು! ‘ದೇವರು: ಇಲ್ಲ. ತಕರಾರು: ಇಲ್ಲ. ಸೈಟು ಖಾಲಿ ಇದೆ.’ ಮೂರು ಮೊಹರು.

ಕಚೇರಿಯ ಜಗುಲಿಯಲ್ಲಿ ತಿಮ್ಮಯ್ಯನವರನ್ನು ಹಿಡಿದು ಕೇಳಿದೆ. ಬಾಯಿಬಿಟ್ಟು ಹೇಳಬೇಕು ಎಂಬ ರೂಲು ಇತ್ತಲ್ಲ?

"ನೀವು ಇಲ್ಲ ಅನ್ನಲಿಲ್ಲ, ನಿಜ. ಇದೆ ಅಂತಲೂ ಅನ್ನಲಿಲ್ಲ. ಸುಮ್ಮನಿದ್ದವರದು ಬರೆಯೋಕೆ ಕಾಲಂ ಇಲ್ಲಮ್ಮ," ಎಂದರು. ಶಾಯಿಯ ಬಾಟಲಿಯನ್ನು ಕೋಟಿನ ಜೇಬಿಗೆ ಸೇರಿಸುತ್ತ, "ಹೊಸಹಳ್ಳಿ ಸುಮ್ಮನಿರೋದು ವರ್ಷಕ್ಕೆ ಒಂದು ಸಲ. ಮತ್ತೆ ಕಾಯೋಕೆ ನನ್ನ ಸರ್ವೀಸ್ ಉಳಿದಿಲ್ಲ," ಎಂದು ನಕ್ಕರು.

ಜಗನ್ನಾಥ ಪತ್ರವನ್ನು ದೇವರ ಮುಂದಿಟ್ಟು, ಗಿರಾಕಿ ಗೊತ್ತು ಮಾಡಲು ಹೊರಟ.


೭ ಫೆಬ್ರವರಿ, ಭಾನುವಾರ

ಗಿರಾಕಿ ಬಂದರು: ಅವೆನ್ಯೂ ರಸ್ತೆಯ ನೂಲಿನ ವ್ಯಾಪಾರಿ. ಬೂಟು ಹಾಕಿಕೊಂಡು ಸೈಟಿನ ನಡುವಿಗೆ ನಡೆದರು. ಬೂಟು ಬಿಡಿ ಎಂದೆ.

"ಯಾಕಮ್ಮ? ಏನಿದೆ ಇಲ್ಲಿ?"

ಏನೂ ಇಲ್ಲ ಎಂದು ನನ್ನ ಚೀಲದಲ್ಲೇ ಪತ್ರವಿತ್ತು. ಮತ್ತೊಮ್ಮೆ ಬೂಟು ಬಿಡಿ ಎಂದೆ. ಅವರು ಜಗನ್ನಾಥನ ಮುಖ ನೋಡಿದರು. ಜಗನ್ನಾಥ ಆಕಾಶ ನೋಡಿದ.

ಬೆಲೆ ಒಳ್ಳೆಯದಿತ್ತು. ಮನುಷ್ಯ ಮಾತ್ರ ಆ ನೆಲಕ್ಕೆ ಒಪ್ಪುವಂತಿರಲಿಲ್ಲ. ಇನ್ವೆಸ್ಟ್‌ಮೆಂಟಿನಲ್ಲಿ ಇವನ್ನೂ ನೋಡಬೇಕು.


೧೪ ಫೆಬ್ರವರಿ, ಭಾನುವಾರ

ಇನ್ನೊಬ್ಬರು, ಹೆಂಡತಿಯೊಡನೆ. ಸಭ್ಯರು, ಕೇಳುವ ಮೊದಲೇ ಚಪ್ಪಲಿ ಬಿಟ್ಟರು. ಹಾಗಾಗಿ ನನ್ನ ಷರತ್ತುಗಳನ್ನು ತೋರಿಸಿದೆ. ಹೆಚ್ಚೇನಿಲ್ಲ. ಮನೆಯನ್ನು ಹಿಂಭಾಗಕ್ಕೆ ಕಟ್ಟಬೇಕು. ಮುಂಭಾಗವನ್ನು ಸಮನಾಗಿಯೇ ಬಿಡಬೇಕು. ಪುಷ್ಯ ಮಾಸದಲ್ಲಿ ಹೊಸಹಳ್ಳಿಯವರ ರಾಗಿ ಬಂದರೆ ಜಾಗ ಕೊಡಬೇಕು. ಮೂಡಲ ಗಾಳಿಗೆ ಅಡ್ಡ ಗೋಡೆ ಎತ್ತಬಾರದು. ಅಳೆಯುವ ದಿನ ಮಕ್ಕಳನ್ನು ಸುಮ್ಮನಿರಿಸಬೇಕು.

ಹೆಂಡತಿ ಓದಿ, ತಮ್ಮ ಮಕ್ಕಳನ್ನು ನೆನೆದು, ಬೇಡವೆಂದರು.

ಜಗನ್ನಾಥ ದಾರಿಯುದ್ದಕ್ಕೂ ಕೂಗಾಡಿದ. "ಇಂಥ ಷರತ್ತಿಗೆ ಈ ಬೆಂಗ್ಳೂರಲ್ಲಿ ಯಾವನು ಕೊಳ್ತಾನೆ? ಹುಚ್ಚು ಹಿಡಿದಿದೆಯಾ ಅಕ್ಕ ನಿನಗೆ? ಇದನ್ನೆಲ್ಲ ಕೇಳೋಳು ನೀನೊಬ್ಬಳೇ!" ಷರತ್ತು ಸ್ವಲ್ಪ ಕಟುವಾಯಿತೇನೋ, ತಿದ್ದಬೇಕು ಎಂದು ರಾತ್ರಿ ಕಾಗದ ತೆಗೆದೆ. ಮುಂಭಾಗದ ಜೊತೆಗೆ ಒಂದು ಹೊಂಗೆ ಮರ ಸೇರಿಸಿದೆ.


೨೨ ಫೆಬ್ರವರಿ, ಸೋಮವಾರ

ಗಿರಾಕಿಗಳ ಸುಳಿವಿಲ್ಲ. ಆದರೆ ಬಂದರೆ ಎಲ್ಲಿ ಕೂರಿಸುವುದು? ಬಿಸಿಲು ಏರುತ್ತಿದೆ. ನೋಡಲು ಬಂದವರಿಗೆ ಒಂದು ನೆರಳು ಬೇಕು. ಹಿಂಭಾಗದಲ್ಲಿ ಚಿಕ್ಕದೊಂದು ಕೋಣೆ ಕಟ್ಟಿಸಿಟ್ಟರೆ ಸೈಟಿನ ಬೆಲೆಯೂ ಏರುತ್ತದೆ. ಬಂದವರಿಗೆ ಕಾಫಿ ಕೊಡಬೇಕು, ಅಂದ ಮೇಲೆ ಒಂದು ಅಡುಗೆಮನೆ. ಬಿನ್ನಿಪೇಟೆಯಿಂದ ನಾನು ಬಸ್ಸು ಹಿಡಿದು ತಲುಪುವುದರೊಳಗೆ ಅವರು ಬಂದು ಹೋಗಿಬಿಟ್ಟರೆ? ಅದಕ್ಕೆ ಒಂದು ಮಂಚ. ಯುಗಾದಿಯೊಳಗೆ ಆದರೆ ಒಳ್ಳೆಯದು. ಸೈಟು ಮಾರಲು ಅದು ಒಳ್ಳೆಯ ಕಾಲವಂತೆ.

ಶಾಲೆ ಬಿಟ್ಟ ಮೇಲೆ ಕಚೇರಿಗೆ ಹೋಗಿ ನಕ್ಷೆಯ ಅರ್ಜಿ ಕೇಳಿದೆ. ತಿಮ್ಮಯ್ಯನವರೇ ತುಂಬಿಸಿಕೊಟ್ಟರು. "ವಾಸಕ್ಕಿರುವವರ ಹೆಸರು?"

"ಕೊಳ್ಳುವವರದು," ಎಂದೆ.

"ಯಾರು ಅವರು?"

ಇನ್ನೂ ಗೊತ್ತಾಗಿಲ್ಲ ಎಂದೆ. ಕಾಲಂ ಖಾಲಿ ಬಿಡಲು ಬರುವುದಿಲ್ಲವಂತೆ. ಸದ್ಯಕ್ಕೆ ಇರಲಿ ಎಂದು ನನ್ನ ಹೆಸರನ್ನೇ ಬರೆಸಿ ಬಂದಿದ್ದೇನೆ.